ಹೊರದೇಶದ ಸಿಟಿ ಬಸ್ಸಿನಲ್ಲಿ ಹೇಗೆ ನಡೆದುಕೊಳ್ಳಬೇಕು? ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದೇನೆ

ಗುಬ್ಬಿಗೇಟ್_ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಮಗನ ಬೇಸಿಗೆ ರಜೆಗೆ ಅಪ್ಪ, ಅಮ್ಮ, ನಾನು, ನನ್ನ ಒಂಬತ್ತು ವರ್ಷದ ಮಗ ಅಲ್ಲಿಗೆ ಹೊರಟಿದ್ದೇವೆ. ಹೋಗುವಾಗ ಸಿಂಗಾಪುರದಲ್ಲಿ ಇಳಿದು ಅಲ್ಲೂ ಸ್ವಲ್ಪ ಸುತ್ತಾಡಿಕೊಂಡು ಹೋಗುವ ಪ್ಲಾನ್. ವೀಸಾ, ಟಿಕೆಟ್ ಎಲ್ಲ ಆಯಿತು. ನನ್ನ ಪ್ರಶ್ನೆ ಬಸ್ಸಿನದು.

ತಮ್ಮನಿಗೆ ಶನಿವಾರ ಭಾನುವಾರ ಬಿಟ್ಟರೆ ರಜೆ ಇಲ್ಲ. ಉಳಿದ ದಿನ ನಾವೇ ಓಡಾಡಬೇಕು. ಟ್ಯಾಕ್ಸಿ ಕೈಗೆಟುಕಲ್ಲ. ರೈಲು ಸ್ಟೇಷನ್ನಿನಲ್ಲಿ ಹತ್ತಿ ಇಳಿಯುವುದು ಜಾಸ್ತಿ, ಅಮ್ಮನಿಗೆ ಮಂಡಿ ನೋವು. ಹಾಗಾಗಿ ಬಸ್ಸೇ ಗತಿ.

ಅಪ್ಪ ಕೆಲಸದಲ್ಲಿದ್ದಷ್ಟು ವರ್ಷವೂ ತುಮಕೂರು–ಮಧುಗಿರಿ ಬಸ್ಸಿನಲ್ಲೇ ಓಡಾಡಿದವರು. ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದ ಹಾಗೆ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವುದು, ಹತ್ತಿದ ಮೇಲೆ ಪಕ್ಕದವರ ಊರು ಕೇರಿ ವಿಚಾರಿಸುವುದು, ಫೋನ್ ಬಂದರೆ ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಮಾತಾಡುವುದು, ಇದೆಲ್ಲ ಅವರಿಗೆ ಸಹಜ. ನಮ್ಮ ಕಡೆ ಎಲ್ಲರೂ ಹಾಗೇ ಅಲ್ವಾ. ಅಮ್ಮ 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಝೀರೋ ಟಿಕೆಟ್‌ನಲ್ಲೇ ಓಡಾಡುತ್ತಾರೆ, ಬಸ್ಸಿಗೆ ದುಡ್ಡು ಕೊಟ್ಟು ಎಷ್ಟೋ ದಿನ ಆಯಿತು. ಜೊತೆಗೆ ಎಲ್ಲೇ ಹೋದರೂ ಡಬ್ಬಿಯಲ್ಲಿ ಏನಾದರೂ ಕಟ್ಟಿಕೊಂಡೇ ಬರುತ್ತಾರೆ, ಬಸ್ಸು ಹೊರಟ ಹತ್ತು ನಿಮಿಷಕ್ಕೆ ಡಬ್ಬಿ ತೆಗೆಯುತ್ತಾರೆ.

ಜಪಾನಿನ ಬಸ್ಸಿನಲ್ಲಿ ಉಸಿರಾಡಿದರೂ ಕೇಳಿಸುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಕೇಳಿ ಭಯ ಆಯಿತು. ಅಲ್ಲಿ ಯಾರೂ ನನ್ನ ಅಪ್ಪ ಅಮ್ಮನನ್ನು ಕೀಳಾಗಿ ನೋಡಬಾರದು, ಅಷ್ಟೇ ಮುಖ್ಯವಾಗಿ ನಮ್ಮಿಂದ ಅಲ್ಲಿನವರಿಗೂ ತೊಂದರೆ ಆಗಬಾರದು. ಎಲ್ಲಿ ಹತ್ತಬೇಕು, ದುಡ್ಡು ಹೇಗೆ ಕೊಡಬೇಕು, ಮಾತಾಡಬಹುದಾ, ತಿನ್ನಬಹುದಾ, ಯಾವ ಸೀಟಿನಲ್ಲಿ ಕೂರಬಾರದು? ಹೋಗಿ ಬಂದವರು ದಯವಿಟ್ಟು ವಿವರವಾಗಿ ಹೇಳಿ. ಬೇರೆ ದೇಶದ ಅನುಭವ ಇದ್ದರೂ ಬರೆಯಿರಿ, ಕೇಳಿಸಿಕೊಳ್ಳುತ್ತೇನೆ.

ಶಿರಾಗೇಟ್_ಹುಡುಗ

ಅಕ್ಕಾ, ನಾನೂ ತುಮಕೂರಿನವನೇ. ಕ್ಯೋಟೋದಲ್ಲಿ ಓದುವಾಗ ದಿನಾ ಸಿಟಿ ಬಸ್ಸಿನಲ್ಲೇ ಓಡಾಟ. ಒಸಾಕಾಗೆ ಹೋದವರು ಕ್ಯೋಟೋ ನೋಡದೆ ಬರುವುದಿಲ್ಲ, ಅದಕ್ಕೆ ಎರಡೂ ಸೇರಿಸಿ ಹೇಳುತ್ತೇನೆ.

ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ. ಅಲ್ಲಿ ಕಂಡಕ್ಟರ್ ಇಲ್ಲ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಎಷ್ಟು ಕೆಲಸ ಮಾಡುತ್ತಾರೆ ಯೋಚಿಸಿ ನೋಡಿ. ಕೂತಲ್ಲಿಗೇ ಬಂದು ಟಿಕೆಟ್ ಕೊಡುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಟ್ಟು ಇಳಿಯುವಾಗ ಲೆಕ್ಕ ಮುಗಿಸುತ್ತಾರೆ. ಬಾಗಿಲಲ್ಲಿ ಜೋತಾಡುವವರನ್ನು ಒಳಗೆ ಕಳಿಸುತ್ತಾರೆ. ಹೆಂಗಸರ ಸೀಟಿನಲ್ಲಿ ಕೂತ ಗಂಡಸರನ್ನು ಎಬ್ಬಿಸುತ್ತಾರೆ. ಅಜ್ಜಿ ಮೂಟೆ ಇಳಿಸುವ ತನಕ ಹೋಲ್ಡಾನ್ ಅಂತ ನಿಲ್ಲಿಸಿ, ಆಮೇಲೆ ರೈಟ್ ಅನ್ನುತ್ತಾರೆ. ಅಲ್ಲಿ ಈ ಕೆಲಸವೆಲ್ಲ ನಮ್ಮ ಮೇಲೇ ಇದೆ. ಡ್ರೈವರ್ ಒಬ್ಬರೇ. ಸ್ಟಾಪಿನಲ್ಲಿ ಬರೆದ ಸಮಯಕ್ಕೆ ಬಸ್ಸು ತಲುಪಿಸಬೇಕು, ಟಿಕೆಟ್ ದುಡ್ಡೂ ನೋಡಬೇಕು. ನಾವು ಬಾಗಿಲಲ್ಲಿ ನಿಂತು ಪರ್ಸ್ ಹುಡುಕಿದರೆ ಬಸ್ಸಿನಲ್ಲಿರುವ ಎಲ್ಲರೂ ಕಾಯಬೇಕು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮಲ್ಲಾದರೆ 'ಬೇಗ ಇಳೀರಿ' ಅಂತ ಹತ್ತು ದನಿ ಬರುತ್ತವೆ, ನಮಗೆ ಗೊತ್ತಾಗುತ್ತದೆ. ಅಲ್ಲಿ ನಾವೇ ತಿಳಿದುಕೊಳ್ಳಬೇಕು.

ಈಗ ಹತ್ತುವುದು. ಕ್ಯೋಟೋ, ಒಸಾಕಾ ಎರಡರಲ್ಲೂ ಸಿಟಿ ಬಸ್ಸಿಗೆ ಹಿಂದಿನ ಬಾಗಿಲಿನಲ್ಲಿ ಹತ್ತಿ ಮುಂದಿನ ಬಾಗಿಲಿನಲ್ಲಿ ಇಳಿಯುತ್ತಾರೆ. ದುಡ್ಡು ಇಳಿಯುವಾಗ. ಟೋಕಿಯೋ ಸಿಟಿ ಬಸ್ಸಿನಲ್ಲಿ ಇದರ ಉಲ್ಟಾ, ಮುಂದೆ ಹತ್ತಿ ಆಗಲೇ ದುಡ್ಡು ಕೊಟ್ಟು ಹಿಂದೆ ಇಳಿಯಬೇಕು. ಒಂದೇ ದೇಶದಲ್ಲೇ ಹೀಗಿದೆ ಅಂದಮೇಲೆ ಹೊಸ ಊರಿಗೆ ಹೋದಾಗ ಮೊದಲ ಬಸ್ಸಿಗೆ ನುಗ್ಗಬೇಡಿ. ಸ್ಟಾಪಿನಲ್ಲಿ ಒಂದು ಬಸ್ಸು ಬಿಟ್ಟು ಜನ ಯಾವ ಬಾಗಿಲಿಗೆ ಹೋಗುತ್ತಾರೆ, ಕೈಯಲ್ಲಿ ಏನು ಹಿಡಿದಿದ್ದಾರೆ ನೋಡಿ. ಸಾಲು ಇದ್ದೇ ಇರುತ್ತದೆ, ಇಬ್ಬರೇ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಂತಿರುತ್ತಾರೆ. ಟವಲ್ ಹಾಕುವ ಹಾಗಿಲ್ಲ ಅಂತ ಅಪ್ಪನಿಗೆ ಮೊದಲೇ ಹೇಳಿಬಿಡಿ, ಕಿಟಕಿಯಲ್ಲಿ ಜಾಗವೂ ಇರುವುದಿಲ್ಲ.

ದುಡ್ಡಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಜನ ತಡವರಿಸುವುದು ಇಲ್ಲೇ. ಡ್ರೈವರ್ ಪಕ್ಕ ಸೊಂಟದ ಎತ್ತರಕ್ಕೆ ಒಂದು ಪೆಟ್ಟಿಗೆ ಇರುತ್ತದೆ. ಮೇಲೆ ನಾಣ್ಯ ಹಾಕುವ ಜಾಗ. ಅಲ್ಲಿ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ, ಸರಿಯಾದ ಚಿಲ್ಲರೆಯನ್ನೇ ಹಾಕಬೇಕು. ಅದೇ ಪೆಟ್ಟಿಗೆಯಲ್ಲಿ ಚಿಲ್ಲರೆ ಮಾಡಿಕೊಡುವ ಕಿಂಡಿಯೂ ಬೇರೆ ಇರುತ್ತದೆ. ಸಾವಿರ ಯೆನ್ ನೋಟನ್ನು ಒಳಗೆ ತಳ್ಳಿದರೆ ನಾಣ್ಯ ಉದುರುತ್ತವೆ. ಅದರಿಂದ ಎಣಿಸಿ ತೆಗೆದು ಮೇಲಿನ ಜಾಗಕ್ಕೆ ಹಾಕಬೇಕು. ನೋಟು ಹಾಕಿದೆ, ಟಿಕೆಟ್ ದುಡ್ಡು ಹೋಯಿತು ಅಂತ ಹಾಗೇ ಇಳಿಯುವ ಪ್ರವಾಸಿಗರು ಎಷ್ಟೋ ಜನ. ಡ್ರೈವರ್ ಪಾಪ ಕೈ ಅಡ್ಡ ಹಿಡಿದು ತೋರಿಸುತ್ತಾರೆ. ಈ ಚಿಲ್ಲರೆ ಮಾಡಿಸುವ ಕೆಲಸವನ್ನು ಇಳಿಯುವ ಸ್ಟಾಪಿನಲ್ಲಿ ಮಾಡಬೇಡಿ. ನಡುವೆ ಎಲ್ಲಾದರೂ ಬಸ್ಸು ನಿಂತಾಗ ಮುಂದೆ ಹೋಗಿ ಮಾಡಿಸಿಕೊಂಡು ಬಂದು ಕೂರಿ. ಐದು ಸಾವಿರ, ಹತ್ತು ಸಾವಿರ ಯೆನ್ ನೋಟು ನಂಬಿಕೊಂಡು ಬಸ್ಸು ಹತ್ತಲೇಬೇಡಿ.

ಇಷ್ಟೆಲ್ಲ ಬೇಡ ಅಂದರೆ ಕಾರ್ಡ್ ಮಾಡಿಸಿ. ಆ ಭಾಗದಲ್ಲಿ ಇಕೋಕಾ ಅಂತ ಸಿಗುತ್ತದೆ, ಮೊದಲೇ ದುಡ್ಡು ತುಂಬಿಸಿಟ್ಟು ಮೆಷಿನ್‌ಗೆ ಮುಟ್ಟಿಸುವ ಕಾರ್ಡ್. ಬಸ್ಸು, ರೈಲು, ಅಂಗಡಿ ಎಲ್ಲ ಕಡೆ ನಡೆಯುತ್ತದೆ. ತಲೆಗೊಂದು ಕಾರ್ಡ್ ಬೇಕು. ಮಗನಿಗೆ ಮಕ್ಕಳ ಕಾರ್ಡ್ ಬೇರೆ ಇದೆ, ಅರ್ಧ ದರ ಕಡಿತವಾಗುತ್ತದೆ. ಕ್ಯೋಟೋ ಊರೊಳಗೆ ಎಷ್ಟು ದೂರ ಹೋದರೂ ದೊಡ್ಡವರಿಗೆ ಒಂದೇ ದರ, ನಾನಿದ್ದಾಗ 230 ಯೆನ್. ಊರಾಚೆ ಹೋಗುವ ಬಸ್ಸಿನಲ್ಲಿ ದೂರದ ಲೆಕ್ಕ. ಹತ್ತುವಾಗ ಬಾಗಿಲ ಪಕ್ಕದ ಮೆಷಿನ್‌ನಿಂದ ನಂಬರ್ ಬರೆದ ಸಣ್ಣ ಚೀಟಿ ತೆಗೆದುಕೊಳ್ಳಬೇಕು. ಮುಂದಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ಎಷ್ಟು ತೋರಿಸುತ್ತದೋ ಅಷ್ಟು ಇಳಿಯುವಾಗ ಕೊಡಬೇಕು. ಚೀಟಿ ಮಗನ ಕೈಗೆ ಕೊಡಬೇಡಿ, ನೀವೇ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಕಳಕಳಿಯಿಂದ ಹೇಳುತ್ತೇನೆ. ಕ್ಯೋಟೋ ಜನ ಕೆಲಸಕ್ಕೆ, ಆಸ್ಪತ್ರೆಗೆ ಹೋಗುವುದೂ ಇದೇ ಬಸ್ಸಿನಲ್ಲಿ. ದೇವಸ್ಥಾನಗಳ ದಾರಿಯ ಬಸ್ಸು ಪ್ರವಾಸಿಗರಿಂದ ತುಂಬಿ, ಊರಿನ ವಯಸ್ಸಾದವರು ಹತ್ತಲು ಆಗದೆ ಸ್ಟಾಪಿನಲ್ಲೇ ನಿಲ್ಲುವುದನ್ನು ದಿನಾ ನೋಡಿದ್ದೇನೆ, ಬೇಜಾರಾಗುತ್ತದೆ. ನಗರಸಭೆಯವರು ಬರೀ ಬಸ್ಸಿನ ದಿನದ ಪಾಸ್ ಅನ್ನೇ ನಿಲ್ಲಿಸಿಬಿಟ್ಟರು. ಈಗ ಇರುವುದು ಸಬ್‌ವೇ (ನೆಲದಡಿಯ ಮೆಟ್ರೋ ರೈಲು) ಮತ್ತು ಬಸ್ಸು ಸೇರಿಸಿದ ಪಾಸ್, 1,100 ಯೆನ್. ಜನ ಸ್ವಲ್ಪ ಸಬ್‌ವೇ ಕಡೆಗೂ ಹೋಗಲಿ ಅಂತಲೇ ಹೀಗೆ. 2024ರ ಜೂನ್‌ನಿಂದ ಶನಿವಾರ, ಭಾನುವಾರ, ರಜಾದಿನ ಪ್ರವಾಸಿಗರಿಗೆ ಅಂತಲೇ 500 ಯೆನ್‌ನ ಬೇರೆ ಎಕ್ಸ್‌ಪ್ರೆಸ್ ಬಸ್ಸು ಬಿಟ್ಟಿದ್ದಾರೆ. ಆದ್ದರಿಂದ ದೂರದ ಭಾಗ ಸಬ್‌ವೇಯಲ್ಲಿ ಹೋಗಿ, ಕೊನೆಯ ಸ್ವಲ್ಪ ದೂರಕ್ಕೆ ಬಸ್ಸು ಹಿಡಿಯಿರಿ. ಸ್ಟೇಷನ್ನಿನಲ್ಲಿ ಲಿಫ್ಟ್ ಎಲ್ಲಿದೆ ನೋಡಿಕೊಂಡರೆ ಅಮ್ಮನಿಗೂ ಕಷ್ಟ ಇಲ್ಲ. ದೊಡ್ಡ ಸೂಟ್‌ಕೇಸ್ ಹಿಡಿದು ಸಿಟಿ ಬಸ್ಸು ಹತ್ತಲೇಬಾರದು. ನಮ್ಮ ಹಾಗೆ ಡ್ರೈವರ್ ಪಕ್ಕ ಇಡುವ ಜಾಗವಾಗಲಿ ಟಾಪ್ ಆಗಲಿ ಇಲ್ಲ. ಸ್ಟೇಷನ್ ಲಾಕರಿನಲ್ಲಿ ಇಡಬಹುದು, ಇಲ್ಲವೇ ಹೋಟೆಲಿನಿಂದ ಹೋಟೆಲಿಗೆ ಲಗೇಜ್ ಕಳಿಸುವ ಸೇವೆ ಇದೆ. ಬೆನ್ನಿಗೆ ಹಾಕಿದ ಬ್ಯಾಗನ್ನು ಬಸ್ಸಿನೊಳಗೆ ಎದೆಗೆ ಹಾಕಿಕೊಳ್ಳಿ.

ಫೋನ್ ಸೈಲೆಂಟ್. ಕರೆ ಬಂದರೆ ಕಟ್ ಮಾಡಿ, ಇಳಿದ ಮೇಲೆ ಮಾಡಿ. ಬಸ್ಸಿನಲ್ಲೇ ಇದನ್ನು ಹೇಳುತ್ತಿರುತ್ತಾರೆ. ಸ್ಪೀಕರ್ ಹಾಕಿ ವಿಡಿಯೋ ನೋಡುವುದು, ವಾಟ್ಸಾಪ್ ವಾಯ್ಸ್ ಮೆಸೇಜ್ ಕೇಳುವುದು ಇಲ್ಲವೇ ಇಲ್ಲ. ಮಗ ಮಂಡಿಯೂರಿ ಕಿಟಕಿ ನೋಡುವುದಾದರೆ ಶೂ ಬಿಚ್ಚಿಸಿ, ಅಲ್ಲಿನ ತಾಯಂದಿರೂ ಹಾಗೇ ಮಾಡುತ್ತಾರೆ.

ಶಿಡ್ಲಘಟ್ಟದ_ಶೆಡ್ಡು

ಸಿಂಗಾಪುರದ ಭಾಗ ನಾನು ಹೇಳುತ್ತೇನೆ ಮೇಡಂ, ಅಕ್ಕನ ಮನೆ ಅಲ್ಲೇ ಇದೆ.

ಮುಂದಿನ ಬಾಗಿಲಿನಲ್ಲಿ ಹತ್ತಿ ಕಾರ್ಡ್ ಮುಟ್ಟಿಸಿ, ಇಳಿಯುವಾಗ ಹಿಂದಿನ ಬಾಗಿಲಿನಲ್ಲಿ ಮತ್ತೆ ಮುಟ್ಟಿಸಿ. ಎರಡನೆಯದು ಮರೆತರೆ ಆ ಬಸ್ಸಿನ ಕೊನೆಯ ಸ್ಟಾಪಿನವರೆಗಿನ ದರ ಹೋಗುತ್ತದೆ. ಒಂದು ಬಸ್ಸಿನಿಂದ ಇಳಿದು 45 ನಿಮಿಷದೊಳಗೆ ಇನ್ನೊಂದು ಹತ್ತಿದರೆ ಒಂದೇ ಪ್ರಯಾಣದ ಲೆಕ್ಕ, ಅದಕ್ಕೂ ಮುಟ್ಟಿಸಿ ಇಳಿದಿರಲೇಬೇಕು. ಬ್ಯಾಂಕಿನ ಟ್ಯಾಪ್ ಮಾಡುವ ಕಾರ್ಡ್ ನಡೆಯುತ್ತದೆ. ಆದರೆ ಒಂದೇ ಕಾರ್ಡಿನಲ್ಲಿ ಮನೆಮಂದಿ ಎಲ್ಲ ಹೋಗುವ ಹಾಗಿಲ್ಲ. ದುಡ್ಡು ಕೊಟ್ಟರೆ ಚಿಲ್ಲರೆ ವಾಪಸ್ ಇಲ್ಲ.

ನಿಮ್ಮ ಬಸ್ಸು ಬರುವುದು ಕಂಡರೆ ಕೈ ತೋರಿಸಿ. ಇದು ನಮಗೆ ಅಭ್ಯಾಸವೇ. ಒಂದೇ ಸ್ಟಾಪಿಗೆ ಬೇರೆ ಬೇರೆ ನಂಬರ್ ಬಸ್ಸು ಬರುವುದರಿಂದ ಕೈ ತೋರಿಸದಿದ್ದರೆ ಮುಂದೆ ಹೋಗಿಬಿಡುತ್ತದೆ. ಡ್ರೈವರನ್ನು ಅಲ್ಲಿ ಬಸ್ ಕ್ಯಾಪ್ಟನ್ ಅನ್ನುತ್ತಾರೆ. ನನಗೆ ಆ ಮರ್ಯಾದೆ ತುಂಬ ಇಷ್ಟವಾಯಿತು. ಒಂದು ಸಲ ವೀಲ್‌ಚೇರಿನ ಅಜ್ಜ ಸ್ಟಾಪಿನಲ್ಲಿದ್ದರು. ಕ್ಯಾಪ್ಟನ್ ಬಸ್ಸು ನಿಲ್ಲಿಸಿ, ತಮ್ಮ ಸೀಟಿನಿಂದ ಎದ್ದು ಬಂದು, ಬಾಗಿಲ ನೆಲದಲ್ಲಿದ್ದ ಹಲಗೆಯನ್ನು ಕೈಯಲ್ಲೇ ಎತ್ತಿ ಹೊರಗೆ ಹಾಸಿ, ಕುರ್ಚಿ ಹತ್ತಿಸಿ, ಡ್ರೈವರ್ ಕಡೆಗೆ ಬೆನ್ನು ಬರುವ ಹಾಗೆ ನಿಲ್ಲಿಸಿ, ಬ್ರೇಕ್ ಹಾಕಿದ್ದಾರಾ ಅಂತ ಬಗ್ಗಿ ನೋಡಿ, ಹಲಗೆ ಮಡಚಿ ವಾಪಸ್ ಹೋದರು. ಅಷ್ಟು ಹೊತ್ತೂ ಬಸ್ಸಿನಲ್ಲಿ ಒಬ್ಬರೂ ಗಡಿಯಾರ ನೋಡಲಿಲ್ಲ. ಅಲ್ಲಿ ನಿಂತಿದ್ದವರು ಯಾರೂ ಹೇಳದೆಯೇ ಆ ಜಾಗ ಖಾಲಿ ಮಾಡಿದ್ದರು.

ತಿಂಡಿ ಮಾತ್ರ ಬೇಡವೇ ಬೇಡ. ಬಸ್ಸು, ಮೆಟ್ರೋ ಎರಡರಲ್ಲೂ ತಿನ್ನುವ ಹಾಗಿಲ್ಲ, ನೀರು ಕುಡಿಯುವ ಹಾಗೂ ಇಲ್ಲ. ಮೆಟ್ರೋದಲ್ಲಿ 500 ಡಾಲರ್‌ವರೆಗೆ ದಂಡ ಇದೆ. ಡುರಿಯನ್ ಅಂತ ಹಲಸಿನ ಹಾಗೆ ಕಾಣುವ ಹಣ್ಣು ಇದೆ, ವಾಸನೆ ಜೋರು. ಅದನ್ನು ಕೈಯಲ್ಲಿ ಹಿಡಿದು ಹತ್ತುವುದಕ್ಕೂ ಬಿಡುವುದಿಲ್ಲ. ಮಗನ ಜೇಬಿನಲ್ಲಿ ಚೂಯಿಂಗ್ ಗಮ್ ಇದ್ದರೆ ಇಲ್ಲೇ ತೆಗೆದಿಡಿ, ಅದನ್ನು ದೇಶದೊಳಗೆ ತರುವುದನ್ನೇ 1992ರಿಂದ ನಿಲ್ಲಿಸಿದ್ದಾರೆ.

ಕೋಲಾರದ_ಮೇಷ್ಟ್ರು

ತಂಗೀ, ಎಲ್ಲರೂ ಸರಿಯಾಗೇ ಹೇಳುತ್ತಿದ್ದಾರೆ. ಆದರೆ ಓದಿ ಓದಿ ಹಿರಿಯರನ್ನು ಹೆದರಿಸಿಬಿಡಬೇಡಿ. ಜಪಾನಿನಲ್ಲಿ ನಾನೂ ಬಸ್ಸು ಹತ್ತಿದ್ದೇನೆ. ಮೆತ್ತಗೆ ಮಾತಾಡಿದರೆ ಯಾರಿಗೂ ಏನೂ ಇಲ್ಲ. ಶಾಲೆ ಬಿಟ್ಟ ಹೊತ್ತಿಗೆ ಅಲ್ಲಿನ ಮಕ್ಕಳೂ ನಗುತ್ತಾ ಮಾತಾಡುತ್ತಾ ಹತ್ತುತ್ತಾರೆ. ಅಪ್ಪನ ಬಾಯಿಗೆ ಬೀಗ ಹಾಕಿ ಕೂರಿಸಿದರೆ ಅವರಿಗೆ ಆ ಊರು ನೋಡಿದ ಖುಷಿಯೇ ಇರುವುದಿಲ್ಲ. ನಿಮ್ಮ ಪಕ್ಕ ಕೂರಿಸಿಕೊಂಡು, ನಿಮಗೆ ಮಾತ್ರ ಕೇಳುವಷ್ಟು ಮಾತಾಡಲಿ, ಸಾಕು.

ಎಲ್ಲ ದೇಶವೂ ಒಂದೇ ಅಲ್ಲ ಅನ್ನುವುದಕ್ಕೆ ಶ್ರೀಲಂಕಾ ಹೇಳುತ್ತೇನೆ. ಕೊಲಂಬೋದಿಂದ ಕ್ಯಾಂಡಿಗೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೋಗಿದ್ದೆವು. ಕಂಡಕ್ಟರ್ ಇದ್ದಾರೆ, ನೂಕುನುಗ್ಗಲು ಇದೆ, ಹಾಡೂ ಜೋರಾಗಿ ಹಾಕಿರುತ್ತಾರೆ. ಕೋಲಾರ–ಮುಳಬಾಗಿಲು ಬಸ್ಸಿನಲ್ಲಿ ಓಡಾಡಿದವರಿಗೆ ಏನೂ ಹೊಸದಲ್ಲ. ಆದರೆ ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು. ಖಾಲಿ ಇದ್ದಾಗ ಕೂರಬಹುದು, ಭಿಕ್ಷುಗಳು ಬಂದ ತಕ್ಷಣ ಏಳಬೇಕು. ಹೆಂಗಸರು ಅವರ ಪಕ್ಕದಲ್ಲಿ ಕೂರುವುದಿಲ್ಲ, ಮೈ ತಾಕದ ಹಾಗೆ ನೋಡಿಕೊಳ್ಳುತ್ತಾರೆ. ಥಾಯ್ಲೆಂಡಿನಲ್ಲೂ ಹೀಗೇ. ಅಂಥ ಊರಿನಲ್ಲಿ ಸದ್ದು ಗದ್ದಲ ಎಷ್ಟಿದ್ದರೂ ನಡೆಯುತ್ತದೆ, ಈ ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ನೋವಾಗುತ್ತದೆ. ಹೊರಗಿನವರಿಗೆ ಕಣ್ಣಿಗೆ ಕಾಣುವುದು ಬಸ್ಸಿನ ಗದ್ದಲ. ಊರಿನವರು ಯಾವುದಕ್ಕೆ ಬೆಲೆ ಕೊಡುತ್ತಾರೆ ಅನ್ನುವುದನ್ನು ಮಾತ್ರ ಕೇಳಿಯೇ ತಿಳಿಯಬೇಕು. ಹೊರಡುವ ಮುಂಚೆ ತಮ್ಮನನ್ನೂ ಒಂದು ಮಾತು ಕೇಳಿ, ಅಲ್ಲೇ ಇರುವವನಿಗೆ ಇಂಥದ್ದು ಗೊತ್ತಿರುತ್ತದೆ.

ನಂದಿ_ತಪ್ಪಲು

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಚಿಕ್ಕಬಳ್ಳಾಪುರದಿಂದ ನಂದಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಬಿಳಿಯ ಹುಡುಗ ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದ. ಮೇಲೆ ಕನ್ನಡದಲ್ಲಿ ಮಹಿಳೆಯರಿಗೆ ಅಂತ ಬರೆದಿದೆ, ಅವನಿಗೆ ಹೇಗೆ ಗೊತ್ತಾಗಬೇಕು. ಸೊಪ್ಪಿನ ಬುಟ್ಟಿ ಹಿಡಿದ ಒಬ್ಬ ಅಜ್ಜಿ ಹತ್ತಿದರು, ಅವನ ಭುಜ ತಟ್ಟಿ ಮೇಲೆ ಬೆರಳು ತೋರಿಸಿದರು. ಅವನು ಬೋರ್ಡು ನೋಡಿದ, ಸುತ್ತ ನೋಡಿದ, ಬರೀ ಹೆಂಗಸರೇ ಇರುವುದು ಕಂಡು ತಕ್ಷಣ ಎದ್ದು ಕೈ ಮುಗಿದ. ಅಜ್ಜಿ ಕೂತು, ಅವನ ದೊಡ್ಡ ಬ್ಯಾಗನ್ನು ಕೇಳಿ ಪಡೆದು ತಮ್ಮ ಕಾಲ ಹತ್ತಿರ ಇಟ್ಟುಕೊಂಡರು. ಇಳಿಯುವ ತನಕ ಅದನ್ನು ಹಿಡಿದೇ ಕೂತಿದ್ದರು. ನಿಮ್ಮ ಅಪ್ಪ ಅಮ್ಮನಿಗೂ ಹಾಗೇ ಆಗುತ್ತದೆ. ಯಾರಾದರೂ ಏನಾದರೂ ತೋರಿಸಿದರೆ ವಾದ ಮಾಡದೆ, ಗಾಬರಿಯಾಗದೆ ಅವರು ಹೇಳಿದಂತೆ ಮಾಡಿದರೆ ಮುಗಿಯಿತು.

ನಮಗೂ ಅಲ್ಲಿನ ಅಕ್ಷರ ಬರುವುದಿಲ್ಲ. ಚಿತ್ರ ನೋಡಿಕೊಳ್ಳಿ. ವಯಸ್ಸಾದವರು, ಬಸುರಿ, ಕೋಲು ಹಿಡಿದವರು, ಮಗು ಎತ್ತಿಕೊಂಡವರು, ಈ ನಾಲ್ಕು ಚಿತ್ರ ಕಂಡರೆ ಅದು ಆದ್ಯತೆಯ ಸೀಟು. ಹೆಚ್ಚಿನ ಕಡೆ ಬಟ್ಟೆಯ ಬಣ್ಣವೂ ಬೇರೆ ಇರುತ್ತದೆ. ಅಮ್ಮ ಅಲ್ಲಿ ಧೈರ್ಯವಾಗಿ ಕೂರಲಿ, ಅದು ಅವರಂಥವರಿಗೇ ಇರುವುದು. ನೀವು ಮತ್ತು ಮಗ ಬೇಡ.

ಫೋಟೋ ವಿಷಯ ಯಾರೂ ಹೇಳಲಿಲ್ಲ. ಕಿಟಕಿ ಹೊರಗೆ ಎಷ್ಟು ಬೇಕಾದರೂ ತೆಗೆಯಿರಿ. ಒಳಗಿರುವ ಜನರ ಮುಖಕ್ಕೆ, ಅದರಲ್ಲೂ ಶಾಲೆ ಮಕ್ಕಳ ಮುಖಕ್ಕೆ ಫೋನ್ ಹಿಡಿಯಬೇಡಿ. ನಮ್ಮ ಬಸ್ಸಿನಲ್ಲಿ ಯಾರೋ ಹೊರಗಿನವರು ಬಂದು ನಮ್ಮ ಮಕ್ಕಳ ವಿಡಿಯೋ ಮಾಡಿದರೆ ನನಗಂತೂ ಸಿಟ್ಟು ಬರುತ್ತದೆ.

ಚಿಂತಾಮಣಿ_ಟು_ಲಂಡನ್

ಲಂಡನ್ ಬಗ್ಗೆ ಬೇಕಾದವರಿಗೆ ಚಿಕ್ಕದಾಗಿ. 2014ರ ಜುಲೈನಿಂದ ಕೆಂಪು ಬಸ್ಸಿನಲ್ಲಿ ಕೈದುಡ್ಡು ತೆಗೆದುಕೊಳ್ಳುವುದೇ ಇಲ್ಲ, ಕಾರ್ಡೇ ಬೇಕು. 2023ರಲ್ಲಿ ದರ 1.75 ಪೌಂಡ್ ಮಾಡಿದರು. ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಅದೇ ದುಡ್ಡು, ಆದರೆ ಅದೇ ಕಾರ್ಡ್ ಮುಟ್ಟಿಸಬೇಕು. ಒಮ್ಮೆ ಫೋನ್, ಒಮ್ಮೆ ಕಾರ್ಡ್ ಅಂತ ಮಾಡಿದರೆ ಬೇರೆ ಬೇರೆ ಲೆಕ್ಕವಾಗುತ್ತದೆ. ಸಿಂಗಾಪುರದ ಹಾಗೆ ಇಳಿಯುವಾಗ ಮುಟ್ಟಿಸುವುದು ಇಲ್ಲ. ಮಹಡಿ ಬಸ್ಸಿನ ಮೇಲೆ ನಿಂತು ಹೋಗುವ ಹಾಗಿಲ್ಲ, ಸೀಟು ಇಲ್ಲದಿದ್ದರೆ ಕೆಳಗೆ ಬರಬೇಕು.

ನಡುವಿನ ಖಾಲಿ ಜಾಗ ವೀಲ್‌ಚೇರಿನವರದು. ಮಗುವಿನ ಗಾಡಿ ಅಲ್ಲಿ ನಿಲ್ಲಿಸಬಹುದು, ವೀಲ್‌ಚೇರ್ ಬಂದರೆ ಮಡಚಬೇಕು. ಇದರ ಮೇಲೆ ಇಂಗ್ಲೆಂಡಿನಲ್ಲಿ ಕೇಸೇ ನಡೆದು, 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಡ್ರೈವರ್ ಒಂದು ಸಲ ಕೇಳಿ ಸುಮ್ಮನಾದರೆ ಸಾಲದು, ಜಾಗ ಬಿಡಿಸಲು ಇನ್ನೂ ಪ್ರಯತ್ನ ಮಾಡಬೇಕು ಅಂತ ಹೇಳಿತು. ಒಬ್ಬ ಮನುಷ್ಯ ಬಸ್ಸು ಹತ್ತಲು ಆಗದ್ದಕ್ಕೆ ಅಷ್ಟು ದೂರ ಹೋರಾಡಿದ್ದಾನೆ. ನಮ್ಮೂರ ಬಸ್ಸಿಗೆ ವೀಲ್‌ಚೇರಿನವರು ಹತ್ತುವುದನ್ನೇ ನಾನು ನೋಡಿಲ್ಲ. ಅದು ಬೇರೆ ಚರ್ಚೆ, ಆದರೆ ಮನಸ್ಸಿಗೆ ಬಂತು, ಹೇಳಿದೆ.

ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ಲಂಡನ್ ಆಚೆಯ ಊರುಗಳಲ್ಲಿ ಜಾಸ್ತಿ. ಎಲ್ಲಿ ಹೇಳಿದರೂ ಒಳ್ಳೆಯದೇ.

ಬಾಗೇಪಲ್ಲಿ_ದುಬೈ

ದುಬೈನಲ್ಲಿ ಕೆಲಸಕ್ಕಿದ್ದೆ. ನೋಲ್ ಕಾರ್ಡ್ ಇಲ್ಲದೆ ಬಸ್ಸು ಹತ್ತಬೇಡಿ, ಡ್ರೈವರ್ ದುಡ್ಡು ಮುಟ್ಟುವುದಿಲ್ಲ. ಹತ್ತುವಾಗ, ಇಳಿಯುವಾಗ ಎರಡು ಸಲ ಮುಟ್ಟಿಸಬೇಕು. ಮುಂದಿನ ಭಾಗ ಹೆಂಗಸರು ಮಕ್ಕಳಿಗೆ, ನಮ್ಮ ಹಾಗೇ. ತಿಂದರೆ ಕುಡಿದರೆ 100 ದಿರ್ಹಂ ದಂಡ. ಗಾಡಿ ರಸ್ತೆಯ ಬಲಗಡೆ ಓಡುತ್ತದೆ, ಅದಕ್ಕೆ ಸ್ಟಾಪೂ ನಾವು ಅಂದುಕೊಂಡ ಎದುರು ಬದಿಯಲ್ಲಿ ಇರುತ್ತದೆ. ಜಪಾನ್, ಸಿಂಗಾಪುರ ನಮ್ಮ ಹಾಗೆ ಎಡಗಡೆ, ಆ ತೊಂದರೆ ನಿಮಗಿಲ್ಲ.

ಗುಬ್ಬಿಗೇಟ್_ತುಮಕೂರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬ ಧನ್ಯವಾದ. ರಾತ್ರಿ ಊಟ ಆದ ಮೇಲೆ ಅಪ್ಪ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಂಡಕ್ಟರ್ ಇಲ್ಲ ಅಂದ ತಕ್ಷಣ ಅಪ್ಪ ಕೇಳಿದ ಮೊದಲ ಪ್ರಶ್ನೆ, ಹಾಗಾದರೆ ಸ್ಟಾಪು ಬಂತು ಅಂತ ಯಾರು ಕೂಗುತ್ತಾರೆ? ನನಗೂ ಅದೇ ಚಿಂತೆ. ಅಮ್ಮನಿಗೆ ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲಬೇಕಾ? ಇನ್ನು ಡಬ್ಬಿ ವಿಷಯ. ಸಿಂಗಾಪುರದಲ್ಲಿ ಇಲ್ಲ, ಸರಿ. ಜಪಾನಿನಲ್ಲಿ? ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು.

ಶಿರಾಗೇಟ್_ಹುಡುಗ

ಅಕ್ಕಾ, ಮೊದಲೇ ಏಳಬೇಡಿ. ಇದು ನಮ್ಮವರಿಗೆ ಬಿಡಿಸಲು ಕಷ್ಟವಾದ ಅಭ್ಯಾಸ. ನಮ್ಮಲ್ಲಿ ಕ್ಯಾತ್ಸಂದ್ರ ದಾಟುತ್ತಿದ್ದ ಹಾಗೆ ಅರ್ಧ ಬಸ್ಸು ಎದ್ದು ನಿಂತಿರುತ್ತದೆ. ಅಲ್ಲಿ ಬಸ್ಸು ಪೂರ್ತಿ ನಿಂತ ಮೇಲೆ ಎದ್ದು ಬನ್ನಿ ಅಂತ ಡ್ರೈವರೇ ಹೇಳುತ್ತಾರೆ, ವಯಸ್ಸಾದವರು ಬೀಳಬಾರದು ಅಂತ. ಅಮ್ಮ ನಿಧಾನವಾಗಿ ಎದ್ದು ಬರುವವರೆಗೆ ಖಂಡಿತ ಕಾಯುತ್ತಾರೆ. ಪರ್ಸ್ ಹುಡುಕುವವರಿಗೆ ಕಾಯುವುದು ಬೇರೆ, ಇದು ಬೇರೆ, ಇದರಲ್ಲಿ ಸಂಕೋಚ ಬೇಡ. ಅಮ್ಮನನ್ನು ಮುಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸಿ, ಕಾರ್ಡ್ ಕೈಯಲ್ಲೇ ಕೊಡಿ.

ಸ್ಟಾಪಿನ ಹೆಸರನ್ನು ಮುಂದಿನ ಸ್ಕ್ರೀನಿನಲ್ಲಿ ಇಂಗ್ಲಿಷಿನಲ್ಲೂ ತೋರಿಸುತ್ತಾರೆ. ನಿಮ್ಮದಕ್ಕಿಂತ ಹಿಂದಿನ ಸ್ಟಾಪು ಬಿಟ್ಟ ಮೇಲೆ ಕಂಬದ ಮೇಲಿನ ಗುಂಡಿ ಒಮ್ಮೆ ಒತ್ತಿ. ಒಬ್ಬರು ಒತ್ತಿದರೆ ಎಲ್ಲ ಗುಂಡಿಗೂ ದೀಪ ಬರುತ್ತದೆ, ಮತ್ತೆ ಒತ್ತುವುದು ಬೇಡ. ಈ ಕೆಲಸ ಮಗನಿಗೆ ಕೊಡಿ, ಖುಷಿಯಾಗಿ ಮಾಡುತ್ತಾನೆ. ಜೊತೆಗೆ ತಮ್ಮನ ಹತ್ತಿರ ಸ್ಟಾಪಿನ ಹೆಸರು, ಮನೆ ವಿಳಾಸ ಎರಡನ್ನೂ ಜಪಾನಿ ಅಕ್ಷರದಲ್ಲಿ ಬರೆಸಿ ಅಪ್ಪನ ಜೇಬಿನಲ್ಲಿ ಇಡಿ. ಬಸ್ಸು ನಿಂತಿದ್ದಾಗ ಅದನ್ನು ಡ್ರೈವರಿಗೆ ತೋರಿಸಿದರೆ ಸಾಕು, ಮಾತು ಬರಬೇಕಾಗಿಲ್ಲ. ಓಡುತ್ತಿರುವಾಗ ಮಾತಾಡಿಸಬೇಡಿ.

ಡಬ್ಬಿ ಸಿಟಿ ಬಸ್ಸಿನಲ್ಲಿ ತೆಗೆಯುವುದಿಲ್ಲ. ಮುಚ್ಚಳ ಇರುವ ಬಾಟಲಿಯಿಂದ ನೀರು ಕುಡಿದರೆ ಪರವಾಗಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಗ್ಲೂಕೋಸ್ ಮಾತ್ರೆಯೋ ಸ್ವಲ್ಪ ಸಕ್ಕರೆಯೋ ಕೈಚೀಲದಲ್ಲಿ ಇರಲಿ, ತಲೆ ಸುತ್ತಿದರೆ ಬಾಯಿಗೆ ಹಾಕಿಕೊಳ್ಳಲಿ. ಆರೋಗ್ಯದ ವಿಷಯದಲ್ಲಿ ನಿಯಮ ನೋಡುತ್ತಾ ಕೂರಬೇಡಿ. ಚಿತ್ರಾನ್ನ, ಪುಳಿಯೋಗರೆ ಇಳಿದು ಯಾವುದಾದರೂ ಪಾರ್ಕಿನ ಬೆಂಚಿನಲ್ಲಿ ಕೂತು ತಿನ್ನಿ. ಆದರೆ ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದು ತುಂಬ ಕಷ್ಟ, ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಕಸ ಮನೆಗೇ ತನ್ನಿ.

ಇನ್ನೊಂದು, ಹಿರಿಯರಿಗೆ ರಿಯಾಯಿತಿ ಪಾಸ್ ಕ್ಯೋಟೋದಲ್ಲಿ ಇದೆ, ಅದು ಊರಿನ ನಿವಾಸಿಗಳಿಗೆ ಮಾತ್ರ. ಅಮ್ಮ ಆಧಾರ್ ತೋರಿಸಲು ಹೋಗದ ಹಾಗೆ ಮೊದಲೇ ಹೇಳಿ. ಕಾರ್ಡನ್ನು ಒಸಾಕಾ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಅಲ್ಲೇ ಇರುವ ರೈಲು ಸ್ಟೇಷನ್ನಿನಲ್ಲಿ ಮಾಡಿಸಿ. ದೊಡ್ಡವರದು ಮೆಷಿನ್‌ನಲ್ಲಿ ಸಿಗುತ್ತದೆ, 2,000 ಯೆನ್ ಕೊಟ್ಟರೆ 500 ಡೆಪಾಸಿಟ್ ಹೋಗಿ ಉಳಿದದ್ದು ಬಳಸಬಹುದು. ಮಗನದು ಮಾತ್ರ ಕೌಂಟರಿನಲ್ಲಿ, ವಯಸ್ಸಿನ ಪುರಾವೆ ಕೇಳುತ್ತಾರೆ. ಅವನ ಪಾಸ್‌ಪೋರ್ಟ್ ಸೂಟ್‌ಕೇಸಿನೊಳಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ.